ವೈಮಾನಿಕ ಅಗ್ನಿಶಮನಕ್ಕೆ ಸರ್ಕಾರಿ ಹಣಕಾಸು

ಕಾಳ್ಗಿಚ್ಚನ್ನು ಆಕಾಶದಿಂದ ಎದುರಿಸಲು ಬೇಕಾದ ವಿಮಾನ, ಹೆಲಿಕಾಪ್ಟರ್, ಸಿಬ್ಬಂದಿ, ರಾಸಾಯನಿಕ ದ್ರಾವಣ ಮತ್ತು ನೆಲೆಗಳಿಗೆ ಸರ್ಕಾರಗಳು ಬೊಕ್ಕಸದಿಂದ ಹಣ ಒದಗಿಸುವ ವ್ಯವಸ್ಥೆಯನ್ನು ವೈಮಾನಿಕ ಅಗ್ನಿಶಮನದ ಸರ್ಕಾರಿ ಹಣಕಾಸು ಎನ್ನುತ್ತಾರೆ. ಈ ಖರ್ಚಿನಲ್ಲಿ ಎರಡು ಭಾಗಗಳಿವೆ. ಬೆಂಕಿ ಬೀಳಲಿ ಬೀಳದಿರಲಿ, ವಿಮಾನವನ್ನು ಹಾರಲು ಸಿದ್ಧವಾಗಿ ನಿಲ್ಲಿಸಿಕೊಳ್ಳಲು ತೆರುವುದು ಸನ್ನದ್ಧತಾ ವೆಚ್ಚ. ಬೆಂಕಿ ಬಿದ್ದಮೇಲೆ ಹಾರಾಟದ ಗಂಟೆ, ಇಂಧನ, ದ್ರಾವಣಗಳಿಗೆ ತಗಲುವುದು ಶಮನ ವೆಚ್ಚ. ಮೊದಲನೆಯದನ್ನು ಬಜೆಟ್ಟಿನಲ್ಲಿ ಮುಂಚಿತವಾಗಿ ಬರೆಯಬಹುದು. ಎರಡನೆಯದು ಎಷ್ಟಾಗುತ್ತದೆಂದು ಬೇಸಿಗೆ ಮುಗಿಯುವವರೆಗೆ ಯಾರಿಗೂ ಗೊತ್ತಾಗದು. ಯಾವ ದೇಶದ ಬಳಿ ಎಂಥ ವಿಮಾನಗಳಿವೆ, ಎಷ್ಟಿವೆ ಎಂಬುದನ್ನು ಅಲ್ಲಿನ ಬೆಂಕಿಯಷ್ಟೇ ಈ ಎರಡು ವೆಚ್ಚಗಳನ್ನು ಯಾರು, ಯಾವ ಖಾತೆಯಿಂದ ಭರಿಸುತ್ತಾರೆ ಎಂಬುದೂ ನಿರ್ಧರಿಸಿದೆ. ಈ ವ್ಯವಸ್ಥೆ ಮೊದಲು ಬೆಳೆದದ್ದೂ ಅತಿಹೆಚ್ಚು ವಿವಾದಕ್ಕೆ ಸಿಕ್ಕಿದ್ದೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಾದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಆ ದೇಶಕ್ಕೆ ಸಂಬಂಧಿಸಿದೆ.

ಉಗಮ

ಅಮೆರಿಕದ ಕಾಂಗ್ರೆಸ್ 1908ರಲ್ಲಿ ಅರಣ್ಯ ಸೇವೆಗೆ ಒಂದು ಅಪರೂಪದ ಅಧಿಕಾರ ಕೊಟ್ಟಿತು. ತುರ್ತು ಕಾಳ್ಗಿಚ್ಚಿನ ಹೊತ್ತಿನಲ್ಲಿ ಮಂಜೂರಾದ ಹಣವನ್ನು ಮೀರಿ ಖರ್ಚು ಮಾಡಬಹುದು, ಕೊರತೆಯನ್ನು ಕಾಂಗ್ರೆಸ್ ಆಮೇಲೆ ತುಂಬಿಕೊಡುತ್ತದೆ ಎಂಬುದು ಅದರ ಸಾರ. ಎರಡು ವರ್ಷಗಳ ಬಳಿಕ, 1910ರ ಆಗಸ್ಟ್‌ನಲ್ಲಿ, ಐಡಹೊ ಮತ್ತು ಮೊಂಟಾನ ಭಾಗಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಎರಡೇ ದಿನಗಳ ಬಿರುಗಾಳಿಗೆ ಸಿಕ್ಕಿ ಉರಿಯಿತು. ಸತ್ತವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದವರು. ಬೆಂಕಿ ಎಲ್ಲೇ ಬಿದ್ದರೂ ಬೇಗ ಆರಿಸಬೇಕು, ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು ಎಂಬ ಧೋರಣೆ ಆ ಬಳಿಕ ಗಟ್ಟಿಯಾಯಿತು. ಕಾಡಿನ ಬೆಂಕಿ ತಡೆಗೆ ಹಣ ಹಾಕುವ ರಾಜ್ಯಗಳ ಜೊತೆ ಒಕ್ಕೂಟವೂ ಪಾಲು ಕೊಡುವ ಪದ್ಧತಿ 1911ರ ವೀಕ್ಸ್ ಕಾಯಿದೆಯಿಂದ ಬಂದಿತು.

ವಿಮಾನಗಳು ಈ ಕೆಲಸಕ್ಕೆ ಇಳಿದದ್ದು 1919ರಲ್ಲಿ. ಮೊದಲ ಮಹಾಯುದ್ಧ ಮುಗಿದು ಕೆಲಸವಿಲ್ಲದೆ ನಿಂತಿದ್ದ ಸೇನೆಯ ವಿಮಾನಗಳು ಕ್ಯಾಲಿಫೋರ್ನಿಯದ ಕಾಡುಗಳ ಮೇಲೆ ಹಾರಿ ಹೊಗೆ ಹುಡುಕುತ್ತಿದ್ದವು. ರೇಡಿಯೊ ಇಲ್ಲದ ವಿಮಾನಗಳಿಂದ ಸುದ್ದಿ ಕಳುಹಿಸಲು ಪಾರಿವಾಳಗಳನ್ನೂ ಬಳಸಿದ್ದುಂಟು. ಹಾರಾಟದ ಖರ್ಚು ಸೇನೆಯದಾಗಿತ್ತು. ಸೇನೆಯ ಬಜೆಟ್ ಬಿಗಿಯಾದಾಗ ಗಸ್ತೂ ಇಳಿಮುಖವಾಯಿತು. ಕೆನಡದ ಒಂಟಾರಿಯೊ ಪ್ರಾಂತ್ಯ ಬೇರೆ ಹಾದಿ ಹಿಡಿದು 1924ರಲ್ಲಿ ತನ್ನದೇ ಪ್ರಾಂತೀಯ ವಾಯುಸೇವೆಯನ್ನು ಸ್ಥಾಪಿಸಿತು. ಬೆಂಕಿಯ ಬಳಿ ಪ್ಯಾರಾಚೂಟ್‌ನಿಂದ ಧುಮುಕುವ ಅಗ್ನಿಶಾಮಕರ ಮೊದಲ ಕಾರ್ಯಾಚರಣೆ 1940ರ ಜುಲೈ 12ರಂದು ಐಡಹೊದಲ್ಲಿ ನಡೆಯಿತು.

ಬೆಂಕಿಯ ಮೇಲೆ ದ್ರವ ಸುರಿಯುವ ಪ್ರಯೋಗಗಳು ಬಹುಕಾಲ ಫಲಿಸಲಿಲ್ಲ. ಕ್ಯಾಲಿಫೋರ್ನಿಯದ ವಿಲೋಸ್ ಪಟ್ಟಣದಲ್ಲಿ ಹೊಲಗಳಿಗೆ ಔಷಧ ಸಿಂಪಡಿಸುತ್ತಿದ್ದ ಸ್ಟಿಯರ್‌ಮನ್ ದ್ವಿತಲ ವಿಮಾನವೊಂದಕ್ಕೆ 170 ಗ್ಯಾಲನ್ ಟ್ಯಾಂಕು ಕೂರಿಸಿ 1955ರ ಆಗಸ್ಟ್‌ನಲ್ಲಿ ಮೆಂಡೊಸಿನೊ ರಾಷ್ಟ್ರೀಯ ಅರಣ್ಯದ ಬೆಂಕಿಯ ಮೇಲೆ ನೀರು ಸುರಿದದ್ದು ಮೊದಲ ಯಶಸ್ಸು. ಮರುವರ್ಷ ಇಂಥ ಏಳು ವಿಮಾನಗಳ ತಂಡ ಕೆಲಸಕ್ಕೆ ಬಂದಿತು. ವಿಮಾನ ಖಾಸಗಿಯವರದು, ಹಣ ಸರ್ಕಾರದ್ದು ಎಂಬ ಏರ್ಪಾಡು ಹುಟ್ಟಿದ್ದು ಇಲ್ಲೇ. ಅಮೆರಿಕದ ಒಕ್ಕೂಟ ಸರ್ಕಾರ ಇಂದಿಗೂ ಬಹುಮಟ್ಟಿಗೆ ಅದನ್ನೇ ಪಾಲಿಸುತ್ತಿದೆ. ಎರಡನೆಯ ಮಹಾಯುದ್ಧದ ಬಾಂಬರ್‌ಗಳು ಅಗ್ಗದಲ್ಲಿ ಸಿಗುತ್ತಿದ್ದ ಕಾಲವದು. ಹೊಸ ವಿಮಾನ ಕೊಳ್ಳುವ ಪ್ರಶ್ನೆ ಅರ್ಧ ಶತಮಾನ ಕಾಲ ಗಂಭೀರವಾಗಿ ಏಳಲಿಲ್ಲ.

ಸಾಧನಗಳು ಮತ್ತು ಅವುಗಳ ಖರ್ಚು

ರೋಧಕ ದ್ರಾವಣವನ್ನೋ ನೀರನ್ನೋ ಒಯ್ದು ಸುರಿಯುವ ವಿಮಾನಕ್ಕೆ ಏರ್ ಟ್ಯಾಂಕರ್ ಎಂದು ಹೆಸರು. ಒಂಟಿ ಎಂಜಿನ್ನಿನ ಸಣ್ಣ ಟ್ಯಾಂಕರ್ ಸುಮಾರು 3,000 ಲೀಟರ್ ಒಯ್ಯುತ್ತದೆ. ಸಿ-130, ಬಿಎಇ-146ರಂಥ ದೊಡ್ಡ ಟ್ಯಾಂಕರ್‌ಗಳು 11,000ದಿಂದ 15,000 ಲೀಟರ್, ಡಿಸಿ-10 ಸುಮಾರು 35,000 ಲೀಟರ್ ಒಯ್ಯುತ್ತವೆ. ರೋಧಕ ದ್ರಾವಣವೆಂದರೆ ಮುಖ್ಯವಾಗಿ ಅಮೋನಿಯಂ ಫಾಸ್ಫೇಟ್ ಬೆರೆಸಿದ ನೀರು. ಎಲ್ಲಿ ಬಿದ್ದಿದೆಯೆಂದು ಕಾಣಲು ಅದಕ್ಕೆ ಕಬ್ಬಿಣದ ಆಕ್ಸೈಡಿನ ಕೆಂಪು ಬಣ್ಣ ಸೇರಿಸುತ್ತಾರೆ. ಇದನ್ನು ಉರಿಯ ಮೇಲಲ್ಲದೆ ಉರಿ ಸಾಗುವ ದಾರಿಗೆ ಅಡ್ಡಲಾಗಿ ಸುರಿಯುತ್ತಾರೆ. ನೀರಿನಂಶ ಆರಿದ ಮೇಲೂ ಲವಣ ಹುಲ್ಲುಪೊದೆಗಳು ಹೊತ್ತಿಕೊಳ್ಳುವುದನ್ನು ತಡೆಯುತ್ತದೆ. ದ್ರಾವಣ ಖರೀದಿ ಪ್ರತ್ಯೇಕ ಬಾಬ್ತು. ಅದನ್ನು ಬೆರೆಸಿ ತುಂಬುವ ನೆಲೆಗಳೂ ಸರ್ಕಾರದ ಖರ್ಚಿಗೇ ಸೇರುತ್ತವೆ.

ಮೊಗೆವಿಮಾನಗಳು ಕೆರೆ, ಸರೋವರ, ಸಮುದ್ರದ ಮೇಲ್ಮೈಯನ್ನು ಸವರಿಕೊಂಡು ಹಾರುತ್ತಲೇ ನೀರು ತುಂಬಿಕೊಳ್ಳುತ್ತವೆ. ಕೆನಡದ ಸಿಎಲ್-415 ಸುಮಾರು 12 ಸೆಕೆಂಡುಗಳಲ್ಲಿ 6,100 ಲೀಟರಿಗೂ ಹೆಚ್ಚು ನೀರು ಎತ್ತಬಲ್ಲದು. ಇದಕ್ಕೆ ದ್ರಾವಣದ ಖರ್ಚಾಗಲಿ ತುಂಬುವ ನೆಲೆಯಾಗಲಿ ಬೇಕಿಲ್ಲ, ಆದರೆ ವಿಮಾನ ದುಬಾರಿ ಮತ್ತು ಬೆಂಕಿಗೆ ಹತ್ತಿರದಲ್ಲಿ ವಿಶಾಲವಾದ ನೀರು ಇರಲೇಬೇಕು. ಹೆಲಿಕಾಪ್ಟರ್‌ಗಳು ಹೊಟ್ಟೆಗೆ ಕಟ್ಟಿದ ಟ್ಯಾಂಕಿನಲ್ಲಿ, ಇಲ್ಲವೇ ತೂಗುಬಿಟ್ಟ ಬಾಂಬಿ ಬಕೆಟ್‌ನಲ್ಲಿ ನೀರು ಒಯ್ಯುತ್ತವೆ. ಗಂಟೆಯ ಲೆಕ್ಕದಲ್ಲಿ ಅವೂ ದುಬಾರಿಯೇ. ಆದರೆ ಆಳು ಸಾಗಿಸುವುದು, ಗಾಯಾಳುಗಳನ್ನು ಎತ್ತುವುದು ಮುಂತಾದ ಬೇರೆ ಕೆಲಸಗಳಿಗೂ ಒದಗುವುದರಿಂದ ಬಜೆಟ್ ಒಪ್ಪಿಸುವುದು ಸುಲಭ.

ಗುತ್ತಿಗೆಯ ಬಗೆಗಳು

ಅಮೆರಿಕದ ಅರಣ್ಯ ಸೇವೆ ಎರಡು ಬಗೆಯ ಗುತ್ತಿಗೆ ಮಾಡಿಕೊಳ್ಳುತ್ತದೆ. ಮೀಸಲು ಗುತ್ತಿಗೆಯಲ್ಲಿ ವಿಮಾನ ಇಡೀ ಬೆಂಕಿ ಋತುವಿಗೆ ಸರ್ಕಾರದ ಕೈಯಲ್ಲಿರುತ್ತದೆ; ದಿನಕ್ಕಿಷ್ಟು ಎಂದು ಸನ್ನದ್ಧತಾ ದರವನ್ನೂ ಹಾರಿದಾಗ ಗಂಟೆಯ ದರವನ್ನೂ ತೆರಬೇಕು. ಕರೆ ಗುತ್ತಿಗೆಯಲ್ಲಿ ಕರೆದಾಗ ಮಾತ್ರ ದುಡ್ಡು, ದರವೂ ಹೆಚ್ಚು, ಕರೆದ ಹೊತ್ತಿಗೆ ವಿಮಾನ ಸಿಗುತ್ತದೆಂಬ ಭರವಸೆಯೂ ಇಲ್ಲ. ತಿಂಗಳ ಸಂಬಳದ ಚಾಲಕನಿಗೂ ಕರೆದಾಗ ಬರುವ ಬಾಡಿಗೆ ಗಾಡಿಗೂ ಇರುವ ಅಂತರವೇ ಇದು. ಸನ್ನದ್ಧತಾ ಬಜೆಟ್ ಬಿಗಿಯಾದ ವರ್ಷಗಳಲ್ಲಿ ಮೀಸಲು ಗುತ್ತಿಗೆ ಕಡಿಮೆಯಾಗಿ ಕರೆ ಗುತ್ತಿಗೆ ಹೆಚ್ಚುತ್ತದೆ. ಆಗ ಖರ್ಚು ಉಳಿದಂತೆ ಕಾಣುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿದಿರುತ್ತದೆ ಅಷ್ಟೆ.

ಕರೆ ಗುತ್ತಿಗೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಬೋಯಿಂಗ್ 747 ಸೂಪರ್‌ಟ್ಯಾಂಕರ್. ಒಂದೇ ಹಾರಾಟದಲ್ಲಿ 70,000 ಲೀಟರಿಗೂ ಹೆಚ್ಚು ಒಯ್ಯುತ್ತಿದ್ದ, ಜಗತ್ತಿನಲ್ಲೇ ಅತಿ ದೊಡ್ಡದಾದ ಈ ಟ್ಯಾಂಕರ್ 2017ರಲ್ಲಿ ಚಿಲಿಯಲ್ಲೂ 2019ರಲ್ಲಿ ಬೊಲಿವಿಯದಲ್ಲೂ ಕೆಲಸ ಮಾಡಿತು. ಸ್ವದೇಶದಲ್ಲಿ ಕರೆ ಗುತ್ತಿಗೆಯ ಆದಾಯದಿಂದ ಅದನ್ನು ನಡೆಸುವುದು ಗಿಟ್ಟದೆ 2021ರಲ್ಲಿ ಮಾಲೀಕರು ಕೈಬಿಟ್ಟರು.

ಮೂರನೆಯ ಮೂಲ ಸೇನೆ. ಖಾಸಗಿ ಟ್ಯಾಂಕರ್‌ಗಳೆಲ್ಲ ಕೆಲಸದಲ್ಲಿ ತೊಡಗಿ ಇನ್ನೂ ಸಾಲದಿದ್ದಾಗ ಸಿ-130 ಸಾಗಣೆ ವಿಮಾನಗಳೊಳಗೆ ಉರುಳಿಸಿ ಕೂರಿಸಬಹುದಾದ 3,000 ಗ್ಯಾಲನ್ ಟ್ಯಾಂಕುಗಳನ್ನು ಬಳಸುತ್ತಾರೆ. 1970ರ ಕ್ಯಾಲಿಫೋರ್ನಿಯ ಬೆಂಕಿಗಳ ನಂತರ ಕಾಂಗ್ರೆಸ್ಸಿನ ಒತ್ತಾಯದಿಂದ ರೂಪುಗೊಂಡ ಈ ವ್ಯವಸ್ಥೆಗೆ ಮಾಫ್ಸ್ ಎಂದು ಹೆಸರು. ಎಂಟು ಟ್ಯಾಂಕುಗಳೂ ಅರಣ್ಯ ಸೇವೆಯ ಸ್ವತ್ತು. ವಿಮಾನ ಮತ್ತು ಚಾಲಕರು ವಾಯುಪಡೆಯ ಮೀಸಲು ದಳ ಹಾಗೂ ರಾಷ್ಟ್ರೀಯ ಗಾರ್ಡ್‌ನವರು. ಒಂದು ಇಲಾಖೆ ಇನ್ನೊಂದರಿಂದ ಪಡೆದ ಸೇವೆಗೆ ಹಣ ಮರುಪಾವತಿ ಮಾಡಬೇಕೆನ್ನುವ 1932ರ ಮಿತವ್ಯಯ ಕಾಯಿದೆ ಇದಕ್ಕೆ ಅನ್ವಯಿಸುತ್ತದೆ. ಖಾಸಗಿ ಉದ್ಯಮಕ್ಕೆ ಸರ್ಕಾರವೇ ಪೈಪೋಟಿಯಾಗಬಾರದೆಂಬುದು ಸೇನೆಯನ್ನು ಕೊನೆಗೆ ಕರೆಯುವ ನಿಯಮದ ಹಿಂದಿನ ತರ್ಕ.

2002ರ ಅಪಘಾತಗಳು ಮತ್ತು ಅನಂತರ

ಕ್ಯಾಲಿಫೋರ್ನಿಯದ ವಾಕರ್ ಬಳಿ 2002ರ ಜೂನ್ 17ರಂದು ದ್ರಾವಣ ಸುರಿಯುತ್ತಿದ್ದ ಸಿ-130ಎ ವಿಮಾನದ ರೆಕ್ಕೆಗಳು ಮುರಿದು ಬಿದ್ದು ಮೂವರು ಸತ್ತರು. ತಿಂಗಳು ಕಳೆದು ಜುಲೈ 18ರಂದು ಕೊಲರಾಡೊದ ಎಸ್ಟೆಸ್ ಪಾರ್ಕ್ ಬಳಿ ಎರಡನೆಯ ಮಹಾಯುದ್ಧ ಕಾಲದ ಪಿಬಿ4ವೈ ವಿಮಾನವೂ ಹಾಗೆಯೇ ರೆಕ್ಕೆ ಮುರಿದು ಬಿತ್ತು, ಇಬ್ಬರು ಸತ್ತರು. ಎರಡರಲ್ಲೂ ಕಾರಣ ಲೋಹದ ದಣಿವಿನಿಂದ ಬಂದ ಬಿರುಕು. ಆ ವರ್ಷ ಗುತ್ತಿಗೆಯಲ್ಲಿದ್ದ ದೊಡ್ಡ ಟ್ಯಾಂಕರ್‌ಗಳು 44. ಸೇನೆಗಾಗಿ ಕಟ್ಟಿದ ವಿಮಾನಗಳು ಕೆಳಮಟ್ಟದ ಹಾರಾಟದ ಕುಲುಕಾಟವನ್ನೂ ಒಮ್ಮೆಲೇ ಭಾರ ಇಳಿಯುವ ಎಳೆತವನ್ನೂ ಎಷ್ಟು ವರ್ಷ ತಾಳಬಲ್ಲವೆಂಬುದನ್ನು ಲೆಕ್ಕ ಹಾಕುವ ಹೊಣೆ ಯಾರದೆಂಬುದೇ ಸ್ಪಷ್ಟವಿರಲಿಲ್ಲ. ಹಳೆಯ ವಿಮಾನ, ಕಡಿಮೆ ದರ ಎಂಬ ಗುತ್ತಿಗೆ ಪದ್ಧತಿಯೇ ಅಪಾಯವನ್ನು ಪೋಷಿಸಿತ್ತೆಂಬ ಟೀಕೆ ತನಿಖೆಗಳ ನಂತರ ಬಲವಾಯಿತು.

ಅರಣ್ಯ ಸೇವೆ 2004ರ ಮೇನಲ್ಲಿ 33 ದೊಡ್ಡ ಟ್ಯಾಂಕರ್‌ಗಳ ಗುತ್ತಿಗೆಯನ್ನು ಒಮ್ಮೆಲೇ ರದ್ದು ಮಾಡಿತು. ಪರಿಶೀಲನೆಯಲ್ಲಿ ಗೆದ್ದ ಕೆಲವು ಮರಳಿ ಬಂದವಾದರೂ 2012ರ ಹೊತ್ತಿಗೆ ಪಡೆ ಹತ್ತರ ಆಸುಪಾಸಿಗೆ ಇಳಿದಿತ್ತು. 2013ರಿಂದ ಬಿಎಇ-146, ಆರ್‌ಜೆ-85, ಎಂಡಿ-87, ಡಿಸಿ-10ರಂಥ ಜೆಟ್‌ಗಳು ಹೊಸ ಗುತ್ತಿಗೆಯಲ್ಲಿ ಬಂದವು. ಇವೂ ಪ್ರಯಾಣಿಕ ಸೇವೆಯಿಂದ ನಿವೃತ್ತವಾದ ವಿಮಾನಗಳೇ, ಆದರೆ ದರ ಮೊದಲಿಗಿಂತ ಬಹಳ ಹೆಚ್ಚು. ಹಳೆಯ ನೆಪ್ಚೂನ್ ವಿಮಾನಗಳು 2017ರ ಋತುವಿನ ಕೊನೆಗೆ ಒಕ್ಕೂಟದ ಗುತ್ತಿಗೆಯಿಂದ ಹೊರಬಿದ್ದವು.

ಸ್ವಂತ ವಿಮಾನ ಹೊಂದುವ ಪ್ರಯತ್ನವೂ ನಡೆಯಿತು. ಕರಾವಳಿ ರಕ್ಷಣಾ ಪಡೆಯ ಏಳು ಸಿ-130ಎಚ್ ವಿಮಾನಗಳನ್ನು ಅರಣ್ಯ ಸೇವೆಗೆ ಕೊಡುವಂತೆ 2013ರ ಡಿಸೆಂಬರಿನ ಕಾಯಿದೆ ಆದೇಶಿಸಿತು. ರೆಕ್ಕೆ ಬದಲಿಸಿ ಟ್ಯಾಂಕು ಅಳವಡಿಸಲು ವಾಯುಪಡೆಗೆ 13 ಕೋಟಿ ಡಾಲರ್‌ವರೆಗೆ ಖರ್ಚು ಮಾಡುವ ಅನುಮತಿ ದೊರೆಯಿತು. ಕೆಲಸ ತೆವಳಿತು, ಅರಣ್ಯ ಸೇವೆಯ ಆಸಕ್ತಿಯೂ ಹೋಯಿತು. 2018ರಲ್ಲಿ ಅವನ್ನು ಕ್ಯಾಲಿಫೋರ್ನಿಯ ರಾಜ್ಯಕ್ಕೆ ವಹಿಸಲು ಇನ್ನೊಂದು ಕಾಯಿದೆಯೂ, ಒಡೆತನ ದಾಟಿಸಲು 2023ರಲ್ಲಿ ಮತ್ತೊಂದೂ ಬೇಕಾದವು. ಮೊದಲ ವಿಮಾನ ರಾಜ್ಯದ ಸೇವೆಗೆ ಇಳಿದದ್ದು 2024ರ ಆಗಸ್ಟ್‌ನಲ್ಲಿ.

ಬಜೆಟ್ಟಿನ ಬಿಕ್ಕಟ್ಟು

ಅಮೆರಿಕದಲ್ಲಿ ಶಮನ ವೆಚ್ಚದ ಅಂದಾಜನ್ನು ಹಿಂದಿನ ಹತ್ತು ವರ್ಷಗಳ ಸರಾಸರಿಯಿಂದ ಕಟ್ಟುತ್ತಿದ್ದರು. ಬೆಂಕಿಗಳು ವರ್ಷವರ್ಷಕ್ಕೆ ದೊಡ್ಡದಾಗುತ್ತಿರುವಾಗ ಸರಾಸರಿ ಯಾವಾಗಲೂ ಹಿಂದೆ ಬೀಳುತ್ತದೆ. ಹಣ ಮುಗಿದಾಗ ಅರಣ್ಯ ಸೇವೆ ತನ್ನದೇ ಬೇರೆ ಖಾತೆಗಳಿಗೆ ಕೈ ಹಾಕುತ್ತಿತ್ತು. ಒಣ ಪೊದೆ ತೆಗೆಯುವುದು, ನಿಯಂತ್ರಿತವಾಗಿ ಸುಡುವುದು, ದಾರಿ ದುರಸ್ತಿ, ಸಂಶೋಧನೆ ನಿಲ್ಲುತ್ತಿದ್ದವು. ಮುಂದಿನ ಬೆಂಕಿಯನ್ನು ತಡೆಯಬೇಕಾದ ಹಣವೇ ಈ ವರ್ಷದ ಬೆಂಕಿಗೆ ಹೋಗುತ್ತಿತ್ತು. ಈ ‘ಬೆಂಕಿ ಸಾಲ’ವನ್ನು ತಪ್ಪಿಸಲು 2009ರ ಫ್ಲೇಮ್ ಕಾಯಿದೆ ಮೀಸಲು ನಿಧಿಗಳನ್ನು ಸೃಷ್ಟಿಸಿತು, ಆದರೆ ಅವಕ್ಕೆ ಸಾಕಷ್ಟು ಹಣ ಬೀಳಲಿಲ್ಲ. ಅರಣ್ಯ ಸೇವೆಯ ಬಜೆಟ್ಟಿನಲ್ಲಿ ಬೆಂಕಿಯ ಪಾಲು 1995ರಲ್ಲಿ 16% ಇದ್ದದ್ದು 2015ರಲ್ಲಿ ಅರ್ಧ ದಾಟಿತು. 2017ರಲ್ಲಿ ಅದರ ಶಮನ ವೆಚ್ಚ 240 ಕೋಟಿ ಡಾಲರ್ ಮೀರಿತು.

ಮರುವರ್ಷ ಮಾರ್ಚಿನಲ್ಲಿ ಕಾಂಗ್ರೆಸ್ ಪದ್ಧತಿಯನ್ನೇ ಬದಲಿಸಿತು. ಶಮನದ ಮೂಲ ಅನುದಾನವನ್ನು 2015ರ ಮಟ್ಟಕ್ಕೆ ನಿಲ್ಲಿಸಿ, ಅದನ್ನು ಮೀರಿದ ಖರ್ಚಿಗೆ ವಿಪತ್ತು ಪರಿಹಾರದ ಮಾದರಿಯಲ್ಲಿ ಬಜೆಟ್ ಮಿತಿಯ ಹೊರಗಿನ ನಿಧಿಯನ್ನು ತೆರೆಯಿತು. ನಿಧಿಯ ಗರಿಷ್ಠ ಮೊತ್ತ 2020ರ ಆರ್ಥಿಕ ವರ್ಷಕ್ಕೆ 225 ಕೋಟಿ ಡಾಲರ್. ವರ್ಷಕ್ಕೆ 10 ಕೋಟಿಯಂತೆ ಏರಿ 2027ಕ್ಕೆ 295 ಕೋಟಿ. ಬೇರೆ ಖಾತೆಗಳ ಹಣ ಇದರಿಂದ ಉಳಿಯಿತು. 

ರಾಜ್ಯಗಳ ಪಾಲು

ಒಕ್ಕೂಟದ ಭೂಮಿಯ ಹೊರಗೆ ಬಿದ್ದ ಬೆಂಕಿ ರಾಜ್ಯಗಳ ಹೊಣೆ. ಅದು ದೊಡ್ಡ ವಿಪತ್ತಾಗುವಂತಿದ್ದರೆ ಒಕ್ಕೂಟದ ತುರ್ತು ನಿರ್ವಹಣಾ ಸಂಸ್ಥೆ ಫೀಮಾ ಅರ್ಹ ವೆಚ್ಚದ 75% ತುಂಬಿಕೊಡುತ್ತದೆ. ಸೇನೆಯ ಹಳೆಯ ಹೆಲಿಕಾಪ್ಟರ್‌ಗಳನ್ನು ಅರಣ್ಯ ಸೇವೆಯ ಮೂಲಕ ರಾಜ್ಯಗಳಿಗೆ ಎರವಲು ಕೊಡುವ ಯೋಜನೆಯೂ ಇದೆ.

ಸ್ವಂತ ಪಡೆ ಕಟ್ಟಿಕೊಂಡ ರಾಜ್ಯ ಕ್ಯಾಲಿಫೋರ್ನಿಯ. ಅದರ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್ ಬಳಿ 60ಕ್ಕೂ ಹೆಚ್ಚು ವಿಮಾನ, ಹೆಲಿಕಾಪ್ಟರ್‌ಗಳಿವೆ. ನೌಕಾಪಡೆಯ ಹಳೆಯ ಎಸ್-2 ವಿಮಾನಗಳಿಗೆ ಟರ್ಬೈನ್ ಎಂಜಿನ್ ಹಾಕಿಸಿ 1,200 ಗ್ಯಾಲನ್ನಿನ ಟ್ಯಾಂಕರ್ ಮಾಡಿಕೊಂಡಿದೆ. ಒಡೆತನ ರಾಜ್ಯದ್ದು, ಹಾರಿಸುವ ಮತ್ತು ರಿಪೇರಿ ಮಾಡುವ ಕೆಲಸ ಗುತ್ತಿಗೆದಾರ ಕಂಪನಿಯದು. ಮಾಲೀಕತ್ವ ಮತ್ತು ಗುತ್ತಿಗೆಯ ನಡುವಿನ ಈ ಮಧ್ಯಮ ಮಾರ್ಗ ದಶಕಗಳಿಂದ ಉಳಿದುಬಂದಿದೆ. ಲಾಸ್ ಏಂಜಲೀಸ್ ಕೌಂಟಿಯಂತೂ 1994ರಿಂದ ಪ್ರತಿ ಶರತ್ಕಾಲದಲ್ಲಿ ಕೆನಡದ ಕ್ವಿಬೆಕ್ ಸರ್ಕಾರದ ಎರಡು ಮೊಗೆವಿಮಾನಗಳನ್ನು ಬಾಡಿಗೆಗೆ ತರಿಸಿಕೊಳ್ಳುತ್ತದೆ. 2025ರ ಜನವರಿಯಲ್ಲಿ ನಗರದ ಅಂಚಿನ ಪ್ಯಾಲಿಸೇಡ್ಸ್ ಬೆಂಕಿಯಲ್ಲಿ ಇವುಗಳಲ್ಲೊಂದರ ರೆಕ್ಕೆಗೆ ಖಾಸಗಿ ಡ್ರೋನ್ ಬಡಿದು, ಅದು ಕೆಲವು ದಿನ ಹಾರದಂತಾಯಿತು. ಅದಕ್ಕೂ ಮೊದಲು, ಜನವರಿ 7ರ ರಾತ್ರಿ, ಬಿರುಗಾಳಿಯ ರಭಸಕ್ಕೆ ವಿಮಾನಗಳನ್ನೇ ನಿಲ್ಲಿಸಬೇಕಾಗಿತ್ತು.

ಕೆನಡ, ಯೂರೋಪ್, ಆಸ್ಟ್ರೇಲಿಯ

ಕೆನಡದಲ್ಲಿ ಕಾಡು ಪ್ರಾಂತ್ಯಗಳ ಸ್ವತ್ತಾದ್ದರಿಂದ ವಿಮಾನಗಳೂ ಹೆಚ್ಚಾಗಿ ಅವುಗಳವೇ. ಒಬ್ಬರ ವಿಮಾನ ಇನ್ನೊಬ್ಬರಿಗೆ ಎರವಲು ಹೋಗುವುದನ್ನು 1982ರಲ್ಲಿ ವಿನ್ನಿಪೆಗ್‌ನಲ್ಲಿ ಸ್ಥಾಪಿಸಿದ ಅಂತರ-ಪ್ರಾಂತೀಯ ಕೇಂದ್ರ ನೋಡಿಕೊಳ್ಳುತ್ತದೆ. 1967ರಲ್ಲಿ ಮೊದಲು ಹಾರಿದ ಮೊಗೆವಿಮಾನ ಸಿಎಲ್-215 ತಯಾರಾದದ್ದೇ ಸರ್ಕಾರಗಳ ಮುಂಗಡ ಬೇಡಿಕೆಯಿಂದ. ಮೊದಲ ಗಿರಾಕಿಗಳು ಕ್ವಿಬೆಕ್ ಮತ್ತು ಫ್ರಾನ್ಸ್.

ಮೆಡಿಟರೇನಿಯನ್ ತೀರದ ದೇಶಗಳಲ್ಲಿ ವಿಮಾನಗಳು ಬಹುಮಟ್ಟಿಗೆ ಸರ್ಕಾರದ ಆಸ್ತಿ. ಫ್ರಾನ್ಸಿನಲ್ಲಿ ಗೃಹ ಸಚಿವಾಲಯದ ನಾಗರಿಕ ರಕ್ಷಣಾ ವಿಭಾಗವೂ ಸ್ಪೇನಿನಲ್ಲಿ ವಾಯುಪಡೆಯ 43ನೆಯ ದಳವೂ ಇವನ್ನು ಹಾರಿಸುತ್ತವೆ. 2017ರ ಬೆಂಕಿಗಳಲ್ಲಿ ಪೋರ್ಚುಗಲ್ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಯೂರೋಪಿಯನ್ ಒಕ್ಕೂಟ 2019ರಲ್ಲಿ ರೆಸ್ಕ್‌ಇಯು ಎಂಬ ಸಾಮಾನ್ಯ ಮೀಸಲು ಪಡೆಯನ್ನು ಸ್ಥಾಪಿಸಿತು. ವಿಮಾನ ಸದಸ್ಯ ರಾಷ್ಟ್ರದ್ದು, ಅದನ್ನು ನೆರೆಯವರಿಗಾಗಿ ಸಿದ್ಧವಾಗಿಡುವ ಖರ್ಚಿನಲ್ಲಿ ಒಕ್ಕೂಟದ ಪಾಲಿದೆ. 2023ರ ಬೇಸಿಗೆಗೆ ಈ ಪಡೆಯಲ್ಲಿ 24 ವಿಮಾನ, 4 ಹೆಲಿಕಾಪ್ಟರ್ ಇದ್ದವು. ಮುಂದೆ ಕ್ರೊವೇಷಿಯ, ಫ್ರಾನ್ಸ್, ಗ್ರೀಸ್, ಇಟಲಿ, ಪೋರ್ಚುಗಲ್, ಸ್ಪೇನ್‌ಗಳಿಗೆ ತಲಾ ಎರಡರಂತೆ 12 ಹೊಸ ಮೊಗೆವಿಮಾನಗಳಿಗೆ ಒಕ್ಕೂಟ 60 ಕೋಟಿ ಯೂರೊ ತೆಗೆದಿಟ್ಟಿದೆ.

ಆಸ್ಟ್ರೇಲಿಯದಲ್ಲಿ ರಾಜ್ಯಗಳು 2003ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಮಾಡಿಕೊಂಡು ಒಟ್ಟಾಗಿ ಬಾಡಿಗೆಗೆ ಪಡೆಯತೊಡಗಿದವು. ದೊಡ್ಡ ಟ್ಯಾಂಕರ್‌ಗಳು ಉತ್ತರ ಗೋಳಾರ್ಧದ ಬೇಸಿಗೆ ಮುಗಿಸಿ ದಕ್ಷಿಣಕ್ಕೆ ಬರುವ ಅಮೆರಿಕ, ಕೆನಡಗಳ ವಿಮಾನಗಳು. 2019–20ರ ‘ಕಪ್ಪು ಬೇಸಿಗೆ’ಯಲ್ಲಿ ಈ ಏರ್ಪಾಡಿನ ಮಿತಿ ಕಂಡಿತು. 2020ರ ಜನವರಿ 23ರಂದು ನ್ಯೂ ಸೌತ್ ವೇಲ್ಸ್‌ನಲ್ಲಿ ಸಿ-130 ಟ್ಯಾಂಕರ್ ಬಿದ್ದು ಅಮೆರಿಕದ ಮೂವರು ಸಿಬ್ಬಂದಿ ಸತ್ತರು. ಕೇಂದ್ರ ಸರ್ಕಾರ ತನ್ನ ವಾರ್ಷಿಕ ವಂತಿಗೆಯನ್ನು ಸುಮಾರು 1.5 ಕೋಟಿಯಿಂದ 2.6 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಏರಿಸಿತು. ದೇಶದ್ದೇ ಆದ ಪಡೆ ಬೇಕೆಂದು ರಾಯಲ್ ಆಯೋಗ ಆ ವರ್ಷದ ಕೊನೆಯಲ್ಲಿ ಶಿಫಾರಸು ಮಾಡಿತು. ನ್ಯೂ ಸೌತ್ ವೇಲ್ಸ್ ಅದಕ್ಕೂ ಮೊದಲೇ, 2019ರಲ್ಲಿ, 15,000 ಲೀಟರಿನ ಬೋಯಿಂಗ್ 737 ಟ್ಯಾಂಕರ್ ಒಂದನ್ನು ಸ್ವಂತಕ್ಕೆ ಕೊಂಡಿತ್ತು.

ಪರಿಣಾಮದ ಅಳತೆ

ಇಷ್ಟು ಹಣಕ್ಕೆ ಸಿಗುವ ಫಲವನ್ನು ಅಳೆಯುವ ಕೆಲಸ ಬಹಳ ತಡವಾಗಿ ಶುರುವಾಯಿತು. ಅಮೆರಿಕದ ಮೂರನೆಯ ಎರಡರಷ್ಟು ಬೆಂಕಿಗಳಿಗೆ 10 ಮೈಲಿಯೊಳಗೆ ಮೊಗೆಯಲು ನೀರಿದೆ, ಹಾಗಾಗಿ ಮೊಗೆವಿಮಾನಗಳೇ ಹೆಚ್ಚಿರುವ ಪಡೆ ಅಗ್ಗವಾದೀತು ಎಂದು ರ್‍ಯಾಂಡ್ ಸಂಸ್ಥೆ 2012ರಲ್ಲಿ ಹೇಳಿತು. ಅರಣ್ಯ ಸೇವೆ ದೊಡ್ಡ ಟ್ಯಾಂಕರ್‌ಗಳ ದಾರಿಯನ್ನೇ ಮುಂದುವರಿಸಿತು. ವಿಮಾನಗಳ ಸಾಧನೆಯ ಬಗ್ಗೆ ಅರಣ್ಯ ಸೇವೆ ಮಾಹಿತಿಯನ್ನೇ ಕಲೆಹಾಕಿಲ್ಲವೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2013ರಲ್ಲಿ ಆಕ್ಷೇಪಿಸಿತು. ಬೆಂಕಿಯ ಬಳಿಯೇ ವೀಕ್ಷಕರನ್ನು ನಿಲ್ಲಿಸಿ ನಡೆಸಿದ ಬಹುವರ್ಷದ ಅಧ್ಯಯನದ ವರದಿ 2020ರಲ್ಲಿ ಹೊರಬಂದಿತು.

ಪರಿಣತರು ಒಪ್ಪುವ ಮಾತೆಂದರೆ, ಬೆಂಕಿ ಸಣ್ಣದಿರುವಾಗ ಬೇಗ ತಲುಪಿದ ವಿಮಾನಕ್ಕೆ ಬೆಲೆ ಹೆಚ್ಚು, ನೆಲದ ಮೇಲೆ ಆಳುಗಳಿಲ್ಲದೆ ಸುರಿದದ್ದು ಬಹುಮಟ್ಟಿಗೆ ವ್ಯರ್ಥ. ಮನೆಗಳು ಉರಿಯುವಾಗ ಟ್ಯಾಂಕರ್ ಎಲ್ಲಿ ಎಂದು ಜನ ಕೇಳುತ್ತಾರೆ, ಪ್ರತಿನಿಧಿಗಳು ಫೋನು ಮಾಡುತ್ತಾರೆ. ಇಂಥ ಒತ್ತಡಕ್ಕೆ ಸುರಿದದ್ದನ್ನು ಅಗ್ನಿಶಾಮಕರು ಟಿವಿ ವಾಹಿನಿಯ ಹೆಸರಿನಲ್ಲಿ ‘ಸಿಎನ್‌ಎನ್ ಡ್ರಾಪ್’ ಎಂದು ಕರೆಯುವುದು ರೂಢಿ. ಪರಿಸರದ ಪ್ರಶ್ನೆಯೂ ಇದೆ: ನೀರಿಗೆ ಬಿದ್ದ ದ್ರಾವಣ ಮೀನುಗಳಿಗೆ ವಿಷ. ಇದಕ್ಕೆ ಶುದ್ಧ ಜಲ ಕಾಯಿದೆಯ ಪರವಾನಗಿ ಬೇಕೆಂದು ಮೊಂಟಾನದ ಒಕ್ಕೂಟ ನ್ಯಾಯಾಲಯ 2023ರ ಮೇನಲ್ಲಿ ತೀರ್ಪಿತ್ತಿತಾದರೂ ಬಳಕೆಯನ್ನು ನಿಲ್ಲಿಸಲಿಲ್ಲ.

ಭಾರತ

ಭಾರತದಲ್ಲಿ ಕಾಳ್ಗಿಚ್ಚಿಗೆಂದೇ ಮೀಸಲಾದ ವಿಮಾನ ಪಡೆ ಬೆಳೆದಿಲ್ಲ. ರಾಜ್ಯ ಸರ್ಕಾರ ಕೋರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಾಂಬಿ ಬಕೆಟ್ ಕಟ್ಟಿಕೊಂಡು ಬರುತ್ತವೆ. ಉತ್ತರಾಖಂಡದಲ್ಲಿ 2016, 2021 ಮತ್ತು 2024ರಲ್ಲಿ, ನಾಗಾಲ್ಯಾಂಡ್–ಮಣಿಪುರ ಗಡಿಯ ಜುಕೊ ಕಣಿವೆಯಲ್ಲಿ 2021ರ ಆರಂಭದಲ್ಲಿ, ರಾಜಸ್ಥಾನದ ಸರಿಸ್ಕದಲ್ಲಿ 2022ರ ಮಾರ್ಚಿನಲ್ಲಿ ಇವನ್ನು ಬಳಸಲಾಯಿತು. ಕರ್ನಾಟಕದಲ್ಲಿ 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದಾಗ, ಬೆಂಕಿ ಬಿದ್ದು ಕೆಲವು ದಿನಗಳಾದ ಮೇಲೆ, 25ರಂದು ಎರಡು ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು.

ಹಣದ ಹರಿವು ಇಲ್ಲಿ ನೆಲದ ಕೆಲಸದ ಕಡೆಗೇ ಇದೆ. ಬೆಂಕಿ ರೇಖೆ ತೆಗೆಯಲು, ಕಾವಲುಗಾರರಿಗೆ ಕೂಲಿ ಕೊಡಲು, ಸಲಕರಣೆ ಕೊಳ್ಳಲು ಕೇಂದ್ರ ಪುರಸ್ಕೃತ ಅರಣ್ಯ ಅಗ್ನಿ ತಡೆ ಮತ್ತು ನಿರ್ವಹಣಾ ಯೋಜನೆಯಿಂದ ಅನುದಾನ ಬರುತ್ತದೆ. ಕೇಂದ್ರ ಮತ್ತು ರಾಜ್ಯದ ಪಾಲು 60:40, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಅಧಿಸೂಚಿತ ವಿಪತ್ತುಗಳಲ್ಲಿ ಬೆಂಕಿಯೂ ಸೇರಿದೆ. 2025ರಲ್ಲಿ 19 ರಾಜ್ಯಗಳ 144 ಜಿಲ್ಲೆಗಳಿಗೆ 818.92 ಕೋಟಿ ರೂಪಾಯಿಯ ಅರಣ್ಯ ಅಗ್ನಿ ಅಪಾಯ ನಿರ್ವಹಣಾ ಯೋಜನೆ ಮಂಜೂರಾಯಿತು. ದಕ್ಷಿಣದ ಎಲೆಯುದುರುವ ಕಾಡುಗಳ ಬೆಂಕಿ ಹೆಚ್ಚಾಗಿ ನೆಲದ ತರಗೆಲೆ, ಹುಲ್ಲು, ಲಂಟಾನಗಳಲ್ಲಿ ಸಾಗುವಂಥದ್ದು. ಸೊಪ್ಪು ಬಡಿದು ಆರಿಸುವುದೂ ಗಾಳಿಗೆ ಎದುರಾಗಿ ಮರುಬೆಂಕಿ ಕೊಡುವುದೂ ಇಂಥ ಕಡೆ ಇಂದಿಗೂ ಮುಖ್ಯ ವಿಧಾನ.

ಇಂದಿನ ಸ್ಥಿತಿ

ಹಣ ಮಂಜೂರಾದರೂ ವಿಮಾನ ಸಿಗದಿರುವುದು ಸದ್ಯದ ದೊಡ್ಡ ತೊಡಕು. ಸಿಎಲ್-415ರ ತಯಾರಿಕೆ 2015ರಲ್ಲಿ ನಿಂತಿತು; ಅದರ ಉತ್ತರಾಧಿಕಾರಿ ಡಿಎಚ್‌ಸಿ-515ಕ್ಕೆ ಕೆನಡದ ಡಿ ಹ್ಯಾವಿಲೆಂಡ್ ಕಂಪನಿ 2022ರಲ್ಲಿ ಚಾಲನೆ ಕೊಟ್ಟಿತು, ಯೂರೋಪಿನ ದೇಶಗಳು ಸರದಿಯಲ್ಲಿ ಮೊದಲಿವೆ. ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳ ಬೆಂಕಿ ಋತುಗಳು ಉದ್ದವಾಗಿ ಒಂದರ ಮೇಲೊಂದು ಹಾಯುತ್ತಿರುವುದರಿಂದ ಒಂದೇ ವಿಮಾನವನ್ನು ಎರಡು ಖಂಡಗಳು ಹಂಚಿಕೊಳ್ಳುವ ಹಳೆಯ ಲೆಕ್ಕ ಕೂಡಿಬರುತ್ತಿಲ್ಲ. ಅಮೆರಿಕದಲ್ಲಿ ಕೃಷಿ ಇಲಾಖೆ ಮತ್ತು ಒಳಾಡಳಿತ ಇಲಾಖೆಗಳ ಕಾಳ್ಗಿಚ್ಚು ಕಾರ್ಯಕ್ರಮಗಳನ್ನು ಸಾಧ್ಯವಾದಷ್ಟು ಒಟ್ಟುಗೂಡಿಸಬೇಕೆಂದು ಅಧ್ಯಕ್ಷರ ಆದೇಶ 2025ರ ಜೂನ್‌ನಲ್ಲಿ ಹೊರಟಿತು. 2018ರ ಕಾಯಿದೆ ತೆರೆದ ಪ್ರತ್ಯೇಕ ನಿಧಿಯ ಅವಧಿ 2027ರ ಆರ್ಥಿಕ ವರ್ಷದೊಂದಿಗೆ ಮುಗಿಯುತ್ತದೆ.